ಅಕ್ಕನ ಸಾವಿರ ಹೆಜ್ಜೆ

ನಮ್ಮ ಊರಿನಲ್ಲಿ ಎದುರು ಮನೆಗೆ ಹೋಗಬೇಕಾದರೆ ಒಂದು ಮೈಲಿ ನಡೆಯಬೇಕು. ಇದನ್ನು ಕೇಳಿ ಹೊಸಬರು ನಗುತ್ತಾರೆ. ನಗಲಿ ಬಿಡಿ, ಆಮೇಲೆ ಅವರೂ ನಡೆಯುತ್ತಾರೆ.

ಊರಿನ ನಡುವೆ ಹಾದುಹೋಗುವ ಕಲ್ಲುದಾರಿ ರೋಮಿನವರು ಹಾಕಿದ್ದು. ರೋಮಿನ ಸಿಪಾಯಿಗಳು ಈ ಕಡೆಗೆ ಬಂದೇ ಇರಲಿಲ್ಲ ಎಂದು ಓದಿಕೊಂಡವರು ಹೇಳುತ್ತಾರೆ. ದಾರಿಗೆ ಆ ವಿಷಯ ಗೊತ್ತಿಲ್ಲ. ಅದು ಎರಡು ಸಾವಿರ ವರ್ಷದಿಂದ ಪೂರ್ವದ ಗುಡ್ಡ ಇಳಿದು ಪಶ್ಚಿಮದ ಬಯಲಿಗೆ, ದಾರ ಹಿಡಿದು ಎಳೆದಷ್ಟು ನೆಟ್ಟಗೆ ಹೋಗುತ್ತಿದೆ. ಹದಿನಾಲ್ಕು ಅಡಿ ಅಗಲ. ಸಾವಿರ ಹೆಜ್ಜೆಗೊಂದು ಮೈಲಿಗಲ್ಲು, ಆಳೆತ್ತರದ ಗುಂಡು ಕಂಬ. ನಮ್ಮ ಊರು ಐದನೇ ಕಲ್ಲಿಗೂ ಆರನೇ ಕಲ್ಲಿಗೂ ನಡುವೆ, ದಾರಿಯ ಎರಡೂ ಮಗ್ಗುಲಿಗೆ ಹಬ್ಬಿಕೊಂಡಿದೆ. ಈ ದಾರಿಗೆ ಕಾಲಿಟ್ಟವರು ಮುಂದಿನ ಮೈಲಿಗಲ್ಲು ಬರುವವರೆಗೆ ಇಳಿಯುವ ಹಾಗಿಲ್ಲ. ಹಾಗಿಲ್ಲ ಅಂದರೆ ಯಾರೋ ದಂಡ ಹಾಕುತ್ತಾರೆ ಅಂತಲ್ಲ. ಕಾಲು ಇಳಿಯುವುದಿಲ್ಲ, ಅಷ್ಟೇ. ಯಾವ ಕಡೆಗೆ ಮುಖ ಮಾಡಿ ಹತ್ತಿದಿರೋ ಆ ಕಡೆಗೇ ನಡೆಯಬೇಕು, ಹಿಂದಕ್ಕೆ ಹೆಜ್ಜೆ ಎತ್ತಲೂ ಆಗದು. ಮೈಲಿಗಲ್ಲಿನ ಬುಡದಲ್ಲಿ ಮಾತ್ರ ಎಡಕ್ಕೋ ಬಲಕ್ಕೋ ಇಳಿಯಬಹುದು, ಬೇಕಾದರೆ ಈ ಕಡೆಯಿಂದ ಆ ಕಡೆಗೆ ಅಡ್ಡ ದಾಟಬಹುದು. ಕೋಳಿ, ನಾಯಿ, ಎಮ್ಮೆಗಳಿಗೆ ಈ ಕಟ್ಟಳೆ ಇಲ್ಲ. ಅವು ನಮ್ಮ ಕಣ್ಣೆದುರೇ ದಿನಕ್ಕೆ ಹತ್ತು ಸಲ ದಾಟಿ ಹೊಟ್ಟೆ ಉರಿಸುತ್ತವೆ.

ನಾನು ಕೆಂಚೋಜಿ, ಈ ದಾರಿ ರಿಪೇರಿ ಮಾಡುವವನು. ನಮ್ಮಪ್ಪನೂ ಅದನ್ನೇ ಮಾಡುತ್ತಿದ್ದ, ಅವನಪ್ಪನೂ. ಒಂದು ಚಪ್ಪಡಿ ಅಲುಗಾಡಿತು ಅಂದರೆ ಅದನ್ನು ಎಬ್ಬಿಸಿ, ಕೆಳಗಿನ ಸುಣ್ಣದ ಗಾರೆ ನೋಡಿ, ಅದರ ಕೆಳಗಿನ ಜಲ್ಲಿ ನೋಡಿ, ಅದಕ್ಕೂ ಕೆಳಗಿನ ದಪ್ಪ ಕಲ್ಲು ನೋಡಿ, ಮತ್ತೆ ಕೂರಿಸಬೇಕು. ನಡು ಬೆನ್ನು ಎತ್ತರ, ಅಂಚು ತಗ್ಗು. ಒಂದು ಹನಿ ಮಳೆನೀರು ನಿಲ್ಲದ ಹಾಗೆ ಕಟ್ಟಿದ್ದಾರೆ. ಕಟ್ಟಿದವನ ಹೆಸರು ಗೊತ್ತಿಲ್ಲ, ಗೊತ್ತಿದ್ದರೆ ಕೈಮುಗಿಯುತ್ತಿದ್ದೆ. ಕೆಲಸದ ನಡುವೆ ದಾರಿಯಿಂದ ಇಳಿಯಲಾಗದ್ದರಿಂದ ನನ್ನ ಊಟ ದಾಟುಗೋಲಿನ ಮೇಲೆ ಬರುತ್ತದೆ. ದಾಟುಗೋಲು ಅಂದರೆ ತುದಿಗೆ ಕೊಕ್ಕೆ ಇರುವ ಉದ್ದನೆ ಬಿದಿರು. ನಮ್ಮ ಊರಿನ ಪ್ರತಿ ಮನೆಯಲ್ಲೂ ಒಂದು ಇರುತ್ತದೆ. ಸಾರಿನ ಚೊಂಬು, ಹೂವಿನ ಪೊಟ್ಟಣ, ಮದುವೆ ಕಾಗದ, ಒಮ್ಮೆ ಆರು ತಿಂಗಳ ಕೂಸು, ಎಲ್ಲವೂ ಅದರ ಮೇಲೆ ಈ ಕಡೆಯಿಂದ ಆ ಕಡೆಗೆ ಹೋಗಿವೆ. ಕೂಸಿನ ಅಜ್ಜಿ ಆಮೇಲೆ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಇದರಿಂದ ತೊಂದರೆ ಇಲ್ಲವೇ ಎಂದು ಕೇಳಿದರೆ, ಇದೆ. ಆದರೆ ಒಂದು ಮಾತು ಹೇಳಬೇಕು. ನಮ್ಮ ಊರಿನಲ್ಲಿ ಎದುರು ಮನೆಯವರ ಜೊತೆ ಜಗಳ ಆಡಿದವರು ಯಾರೂ ಇಲ್ಲ. ಎದುರು ಮನೆಯ ಹಸು ನಿಮ್ಮ ಹೂಗಿಡ ಮೇಯ್ದಿತು ಅನ್ನಿ. ನೀವು ಸೆರಗು ಸಿಕ್ಕಿಸಿಕೊಂಡು, ಇವತ್ತು ಬಿಡುವುದಿಲ್ಲ ಎಂದು ದಾರಿ ಹತ್ತುತ್ತೀರಿ. ಅರ್ಧ ಮೈಲಿ ಹೋಗಿ ಕಲ್ಲಿನ ಹತ್ತಿರ ದಾಟುವಾಗ ಅಲ್ಲಿ ಟೀ ಅಂಗಡಿ. ಟೀ ಕುಡಿದು, ನಾಲ್ಕು ಜನರ ಹತ್ತಿರ ಮಾತಾಡಿ, ಮನೆಗಳ ಹಿಂದಿನ ಕಾಲುದಾರಿಯಲ್ಲಿ ಮತ್ತೆ ಅರ್ಧ ಮೈಲಿ ಬಂದು ಬಾಗಿಲು ತಟ್ಟುವ ಹೊತ್ತಿಗೆ ಕೋಪ ಎಲ್ಲಿರುತ್ತದೆ. "ಸುಮ್ನೆ ಬಂದೆ ಕಣಮ್ಮ, ನೋಡ್ಕೊಂಡು ಹೋಗೋಣ ಅಂತ" ಎಂದು ಕುಳಿತುಬಿಡುತ್ತೀರಿ. ಊರು ಇಷ್ಟು ವರ್ಷ ನಗುನಗುತ್ತಾ ಇರುವುದಕ್ಕೆ ಈ ದಾರಿಯೇ ಕಾರಣ ಎಂದು ನಾನು ನಂಬಿದ್ದೇನೆ.

ನನ್ನ ಅಕ್ಕ ದೇವೀರಮ್ಮ. ಗಂಡ ಹೋದ ಮೇಲೆ ನನ್ನ ಮನೆಯಲ್ಲೇ ಇದ್ದಾಳೆ, ಅಥವಾ ನಾನು ಅವಳ ಮನೆಯಲ್ಲಿದ್ದೇನೆ. ಅವಳನ್ನು ಕೇಳಿದರೆ ಎರಡನೆಯದೇ ಸರಿ ಎನ್ನುತ್ತಾಳೆ. ನಮ್ಮ ಮನೆ ಐದನೇ ಕಲ್ಲಿಗೂ ಆರನೇ ಕಲ್ಲಿಗೂ ನಟ್ಟನಡುವೆ. ಸರಿಯಾಗಿ ಎದುರಿಗೆ ಖೈರಮ್ಮನ ಮನೆ. ನಾನು ಖೈರಕ್ಕ ಎನ್ನುತ್ತೇನೆ, ಅಕ್ಕ ಖೈರೂ ಎನ್ನುತ್ತಾಳೆ. ಇಬ್ಬರ ಮದುವೆಯೂ ಒಂದೇ ವರ್ಷ; ಅಕ್ಕನನ್ನು ಈ ಊರಿಗೇ ಕೊಟ್ಟಿತ್ತು, ಖೈರಕ್ಕ ಹೊರಗಿನಿಂದ ಬಂದವಳು. ಅವತ್ತಿನಿಂದ ನಲವತ್ತು ವರ್ಷ, ದಿನವೂ ಊಟವಾದ ಮೇಲೆ, ಅಕ್ಕ ಆರನೇ ಕಲ್ಲಿನವರೆಗೆ ಹೋಗಿ, ದಾಟಿ, ಹಿಂದಕ್ಕೆ ಬಂದು ಖೈರಕ್ಕನ ಜಗಲಿಯ ಮೇಲೆ ಚೌಕಾಬಾರ ಆಡುತ್ತಿದ್ದಳು. ಹೋಗಿ ಬರಲು ಎರಡು ಮೈಲಿ. ಒಂದು ದಿನ ಖೈರಕ್ಕನೇ ಬರಬಹುದಲ್ಲ ಎಂದರೆ, ಮಣೆ ಅವಳ ಜಗಲಿಯ ಕಲ್ಲಿನಲ್ಲೇ ಕೊರೆದದ್ದು, ಅದನ್ನು ದಾಟುಗೋಲಿನ ಮೇಲೆ ಕಳಿಸುವುದಕ್ಕೆ ಆಗುತ್ತದೆಯೇ.

ನಾಲ್ಕು ವರ್ಷದ ಹಿಂದೆ ಅಕ್ಕನ ಮಂಡಿ ಹೋಯಿತು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಾಳೆ, ಹಿತ್ತಲಿಗೆ ಹೋಗಿ ಬರುತ್ತಾಳೆ, ಅದಕ್ಕಿಂತ ಹೆಚ್ಚು ಆಗದು. ಅದೇ ವರ್ಷ ಖೈರಕ್ಕ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಕೋಲು ಹಿಡಿದಳು. ಪರವಾಗಿಲ್ಲ, ಅಲ್ಲಿಂದಿಲ್ಲಿಗೆ ಕೂಗಿ ಮಾತಾಡಿದರಾಯಿತು ಎಂದುಕೊಂಡರು. ಒಂದು ವರ್ಷ ಕೂಗಿದರು. ಆಮೇಲೆ ಖೈರಕ್ಕನ ಕಿವಿಯೂ ಹೋಯಿತು. ಕಿವಿಯ ಹತ್ತಿರ ಬಾಯಿಟ್ಟು ಹೇಳಿದರೆ ಮಾತ್ರ ಕೇಳುತ್ತಿತ್ತು. ಹದಿನಾಲ್ಕು ಅಡಿ ದೂರದಲ್ಲಿ ಕೂತು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಕ್ಕ ಕೈ ಎತ್ತುವಳು, ಖೈರಕ್ಕ ಕೈ ಎತ್ತುವಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಚಪ್ಪಡಿ ಬಡಿಯುವ ನೆಪದಲ್ಲಿ ದೂರ ಹೋಗಿಬಿಡುತ್ತಿದ್ದೆ.

ಒಮ್ಮೆ ನಾಲ್ಕು ಜನರನ್ನು ಕರೆದು ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಹಿಂದಿನ ಕಾಲುದಾರಿಯಿಂದ ಹೊರಿಸಿದೆ. ಗಾಡಿ ಹೋಗುವಷ್ಟು ಅಗಲ ಆ ದಾರಿಗಿಲ್ಲ. ಕಲ್ಲಿನ ಹತ್ತಿರ ದಾಟಿ ಅವಳನ್ನು ಖೈರಕ್ಕನ ಜಗಲಿಗೆ ತಲುಪಿಸಿದ್ದೂ ಆಯಿತು. ಇಬ್ಬರೂ ಕವಡೆ ಹಿಡಿದು ಕೂತರು. ಹೊತ್ತು ತಂದ ನಾಲ್ವರು ಮತ್ತೆ ಹೊರಬೇಕಲ್ಲ, ಅದಕ್ಕೆ ಅಲ್ಲೇ ನಿಂತರು. ಖೈರಕ್ಕ ಕುಂಟುತ್ತಾ ಎದ್ದು ನಾಲ್ವರಿಗೂ ಟೀ ಮಾಡಿದಳು. ಟೀ ಕುಡಿದವರು ಸುಮ್ಮನಿರಲಿಲ್ಲ. "ಆ ಕಾಯಿ ನಡೆಸಿ ದೇವೀರಮ್ಮಾರೇ," ಎಂದ ಒಬ್ಬ. "ಅಯ್ಯೋ ಅದಲ್ಲ, ಈ ಕಾಯಿ," ಎಂದ ಇನ್ನೊಬ್ಬ. ಅಕ್ಕ ಕವಡೆ ಕೆಳಗೆ ಹಾಕಿ, "ಎತ್ರಪ್ಪ ನನ್ನ ಕುರ್ಚಿನ," ಎಂದಳು.

ಮನೆಗೆ ಬಂದ ಮೇಲೆ ಹೇಳಿದಳು: "ಕೆಂಚ, ಹೊತ್ಕೊಂಡ್ ಹೋದ್ರೆ ಒಂದಿನ ಹೋಗ್ಬೋದು ಕಣೋ. ನಂಗೆ ದಿನಾ ಹೋಗ್ಬೇಕು."

ಅಂದು ಅರ್ಧಕ್ಕೆ ನಿಂತ ಆಟದ ಮೇಲೆ ಖೈರಕ್ಕ ಒಂದು ಬುಟ್ಟಿ ಮಗುಚಿಟ್ಟಳು. ಆಮೇಲೆ ಆ ಬುಟ್ಟಿ ಎತ್ತಲೇ ಇಲ್ಲ. ಬೆಳಿಗ್ಗೆ ಅವಳ ಸೊಸೆ ಜಗಲಿ ಗುಡಿಸುವಾಗ ಬುಟ್ಟಿಯ ಸುತ್ತ ಗುಡಿಸುವುದನ್ನು ನಾವು ಈ ಕಡೆಯಿಂದ ನೋಡುತ್ತಿದ್ದೆವು.

ನನಗೆ ಹೊಳೆದದ್ದು ಸುಲಭದ ಉಪಾಯ. ಎರಡು ಮನೆಯ ನಡುವೆ ಒಂದು ಮೈಲಿಗಲ್ಲು ನೆಟ್ಟರೆ ಆಯಿತಲ್ಲ, ಅಕ್ಕ ನೇರ ದಾಟಬಹುದು. ಹನ್ನೆರಡು ಹೆಜ್ಜೆ. ಎರಡು ತಿಂಗಳು ಕೂತು ಒಂದು ಕಂಬ ಕಡೆದೆ. ಐದನೇ ಕಲ್ಲಿನ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಖೈರಕ್ಕನ ಮೆಟ್ಟಿಲ ಪಕ್ಕದಲ್ಲಿ ನೆಟ್ಟೆ. ಅಕ್ಕ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಉಟ್ಟು ಬಾಗಿಲಲ್ಲಿ ನಿಂತಳು. ಮೊದಲು ನಾನು ನೋಡುತ್ತೇನೆ ಎಂದು ಐದನೇ ಕಲ್ಲಿನಿಂದ ದಾರಿ ಹತ್ತಿ ಬಂದೆ. ನನ್ನ ಕಂಬದ ಬುಡಕ್ಕೆ ಬಂದು ಇಳಿಯಲು ಕಾಲೆತ್ತಿದರೆ, ಕಾಲು ಆ ಕಂಬವನ್ನು ಕಂಡೇ ಇಲ್ಲ ಎನ್ನುವ ಹಾಗೆ ಮುಂದಕ್ಕೆ ಹೋಯಿತು. ಊರೆಲ್ಲ ನೋಡುತ್ತಿತ್ತು. ಅರ್ಧ ಮೈಲಿ ನಡೆದು ಆರನೇ ಕಲ್ಲಿನಲ್ಲಿ ಇಳಿದು ಹಿಂದೆ ಬರುವ ಹೊತ್ತಿಗೆ ನಮ್ಮ ಮನೆಯ ಬಾಗಿಲು ಹಾಕಿತ್ತು. ಅಕ್ಕ ಒಳಗೆ ಸೀರೆ ಮಡಚುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಕಂಬವನ್ನು ಕಿತ್ತು ಖೈರಕ್ಕನ ಮನೆ ಮುಂದೆಯೇ ಮಲಗಿಸಿ ಮಾರ್ಕಂಡಯ್ಯ ಮೇಷ್ಟ್ರ ಹತ್ತಿರ ಹೋದೆ. ಮೇಷ್ಟ್ರು ಶಾಲೆಯಲ್ಲಿ ಚರಿತ್ರೆ ಹೇಳುತ್ತಿದ್ದವರು, ಈಗ ನಿವೃತ್ತಿಯಾಗಿ ಐದನೇ ಕಲ್ಲಿನ ಟೀ ಅಂಗಡಿಯಲ್ಲಿ ಹೇಳುತ್ತಾರೆ. ಕಂಬದ ಮೇಲಿನ ರೋಮಿನ ಅಕ್ಷರ ಓದಬಲ್ಲವರು ಅವರೊಬ್ಬರೇ.

"ರೋಮಿನವ್ರ ದಾರಿಗೆ ಕೆಂಚೋಜಿ ಕಲ್ಲಾ?" ಎಂದು ನಕ್ಕರು. "ಒಪ್ಪತ್ತೇನಪ್ಪ ಅದು. ಅವ್ರು ಸುಮ್ನೆ ಕಂಡಕಂಡಲ್ಲಿ ನೆಟ್ಟಿಲ್ಲ. ಸಿಪಾಯಿ ನಡೀತಾ ಎಣಿಸ್ತಿದ್ದ. ಬಲಗಾಲು ಬಿದ್ದಾಗಲೆಲ್ಲ ಒಂದು. ಸಾವಿರ ಆದಲ್ಲಿ ಕಲ್ಲು. ನೋಡು, ಇಲ್ಲೇ ಬರೆದಿದೆ, ಸಾವಿರ ಹೆಜ್ಜೆ ಎಣಿಸಿ ಇಲ್ಲಿ ನೆಟ್ಟಿದೆ ಅಂತ. ಅದಕ್ಕೇ ಎಲ್ಲಾ ಮೈಲಿಗಳೂ ಒಂದೇ ಉದ್ದ."

ಇಲ್ಲಿ ನನಗೆ ಸ್ವಲ್ಪ ಸಿಟ್ಟು ಬಂತು. ಮೇಷ್ಟ್ರು ದಾರಿಯನ್ನು ಓದಿದ್ದಾರೆ, ನಾನು ಅದರ ಮೇಲೆ ಮಂಡಿಯೂರಿ ಮೂವತ್ತೈದು ವರ್ಷ ಕಳೆದಿದ್ದೇನೆ. "ಒಂದೇ ಉದ್ದ ಇಲ್ಲ ಮೇಷ್ಟ್ರೇ," ಎಂದೆ. "ನಾಲ್ಕನೇ ಕಲ್ಲಿಂದ ಐದಕ್ಕೆ ಎರಡು ಸಾವಿರದ ಇನ್ನೂರು ಸಾಲು ಚಪ್ಪಡಿ ಇದೆ. ಐದರಿಂದ ಆರಕ್ಕೆ ಎರಡು ಸಾವಿರಾನೂ ಇಲ್ಲ. ನಾನೇ ಎಣಿಸಿದೀನಿ, ನಮ್ಮಪ್ಪನೂ ಎಣಿಸಿದ್ದ."

"ಹಾಗಿದ್ರೆ ಅಲ್ಲಿ ಎಣಿಸಿದೋನು ಉದ್ದ ಕಾಲಿನೋನು ಇರ್ಬೇಕು," ಎಂದರು ಮೇಷ್ಟ್ರು, ಟೀ ಲೋಟ ಬಾಯಿಗೆ ತರುತ್ತಾ. "ಇಲ್ಲಿ ಎಣಿಸಿದೋನು ಗಿಡ್ಡ."

ಹೇಳಿದ ಮೇಲೆ ಅವರಿಗೇ ಏನೋ ಅನ್ನಿಸಿ ಲೋಟ ಕೆಳಗಿಟ್ಟರು.

"ಎರಡನ್ನೂ ದಾರಿ ಒಪ್ಪಿದೆಯಲ್ಲ ಮೇಷ್ಟ್ರೇ," ಎಂದೆ. "ಯಾರ ಹೆಜ್ಜೆ ಅಂತ ಕಲ್ಲಲ್ಲಿ ಬರೆದಿದೆಯಾ?"

ಬರೆದಿರಲಿಲ್ಲ. ಅವರು ಎದ್ದು ಹೋಗಿ ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಸಾವಿರ ಹೆಜ್ಜೆ ಅಂತಷ್ಟೇ ಇತ್ತು.

ಮರುದಿನವೇ ನಾನು ಐದನೇ ಕಲ್ಲಿನಿಂದ ಹೊರಟೆ. ಅರ್ಧ ಮೈಲಿಗೆ ಸಾವಿರ ಆಗಬೇಕೆಂದು ಹೊಸ ಮದುಮಗಳ ಹಾಗೆ ಪುಟ್ಟ ಪುಟ್ಟ ಹೆಜ್ಜೆ ಇಟ್ಟೆ. ಮೇಷ್ಟ್ರು ಜಗಲಿಯಿಂದ ಜಗಲಿಗೆ ಬರುತ್ತಾ ಎಣಿಸಿದರು. ಖೈರಕ್ಕನ ಮೆಟ್ಟಿಲ ಮುಂದೆ ಸರಿಯಾಗಿ ಸಾವಿರ ಮಾಡಿದೆ, ಮಲಗಿದ್ದ ಕಂಬ ಎತ್ತಿ ನಿಲ್ಲಿಸಿದರು, ಕಾಲೆತ್ತಿದೆ. ದಾರಿ ಬಿಡಲಿಲ್ಲ. ಕದ್ದು ಇಟ್ಟ ಹೆಜ್ಜೆ ಅದಕ್ಕೆ ಬೇಡವಾಗಿತ್ತು. ಮತ್ತೆ ಅರ್ಧ ಮೈಲಿ ನಡೆದೆ. ಈ ಸಲ ಮಕ್ಕಳು ನನ್ನ ಹಾಗೇ ನಡೆದು ತೋರಿಸುತ್ತಾ ಜಗಲಿಗಳ ಮೇಲೆ ಕಲ್ಲಿನವರೆಗೂ ಬಂದವು.

ಆ ಸಂಜೆ ಅಕ್ಕ ಬಚ್ಚಲಿಂದ ಅಡುಗೆಮನೆಗೆ ಒದ್ದೆ ಕಾಲಲ್ಲಿ ಬಂದಳು. ನೆಲದ ಮೇಲೆ ಅವಳ ಹೆಜ್ಜೆ ಮೂಡಿತ್ತು. ನಾನು ಸುಮ್ಮನೆ ನೋಡುತ್ತಾ ಕೂತವನು ಎದ್ದು ಅಳತೆ ಕೋಲು ತಂದೆ. ಬಲಗಾಲಿನಿಂದ ಬಲಗಾಲಿಗೆ ಒಂದೂವರೆ ಮೊಳ. ನಮ್ಮ ಮೈಲಿ ಎಣಿಸಿದ ಗಿಡ್ಡ ಸಿಪಾಯಿಯದು ಮೂರು ಮೊಳ ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು. ಅರ್ಧಕ್ಕರ್ಧ. ಅಂದರೆ ಅಕ್ಕ ಐದನೇ ಕಲ್ಲಿನಿಂದ ತನ್ನ ಪಾಡಿಗೆ ತಾನು ನಡೆದು ಬಂದರೆ, ಸಾವಿರ ತುಂಬುವುದು ನಮ್ಮ ಮನೆಯ ಮುಂದೆ.

"ನೆಲ ಯಾಕೋ ಅಳೀತಿದೀಯಾ? ಮಾರ್ತೀಯೇನು?" ಎಂದಳು ಅಕ್ಕ.

ಹೇಳಿದೆ. ಅವಳು ಮಂಡಿ ಒತ್ತಿಕೊಳ್ಳುತ್ತಾ ಎಲ್ಲ ಕೇಳಿದಳು. ಅರ್ಧ ಮೈಲಿ. ನಾಲ್ಕು ವರ್ಷದಲ್ಲಿ ಅಷ್ಟು ದೂರ ನಡೆದಿರಲಿಲ್ಲ. ನಡುವೆ ಮಂಡಿ ಕೈಕೊಟ್ಟರೆ ದಾರಿಯಿಂದ ಇಳಿಸುವ ಹಾಗಿಲ್ಲ, ಎತ್ತಿಕೊಂಡು ಆರನೇ ಕಲ್ಲಿಗೇ ಹೋಗಬೇಕು. ಇನ್ನೊಮ್ಮೆ ನಡೆಯುವ ಶಕ್ತಿ ಆಮೇಲೆ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಒಂದೇ ಸಲ ನಡೆದ್ರೆ ಸಾಕಾ?"

"ಒಂದೇ ಸಲ."

"ಆಮೇಲೆ ದಿನಾ ಹೋಗ್ಬೋದಾ?"

"ಹನ್ನೆರಡು ಹೆಜ್ಜೆ ಅಕ್ಕ."

"ಸೋಮವಾರ ಬೇಡ, ಬಟ್ಟೆ ಒಗೆಯೋದಿದೆ. ಮಂಗಳವಾರ ಇಟ್ಕೊ," ಎಂದು ಒಲೆಯ ಕಡೆ ತಿರುಗಿದಳು.

ಅಲ್ಲಿಂದ ಮಂಗಳವಾರದವರೆಗೆ ಊರಿಗೆ ಬೇರೆ ಮಾತಿಲ್ಲ. ಟೀ ಅಂಗಡಿಯವನು ಮಾತ್ರ ಮುಖ ಊದಿಸಿಕೊಂಡ. ಎಲ್ಲರೂ ಹೀಗೆ ಮನೆಮುಂದೆ ಕಲ್ಲು ನೆಟ್ಟುಕೊಂಡರೆ ನನ್ನ ಅಂಗಡಿಗೆ ಯಾರು ಬರುತ್ತಾರೆ ಎಂದು ಅವನ ಚಿಂತೆ. ಅದಕ್ಕೆ ಮೇಷ್ಟ್ರು, "ನಡೆದು ನೆಟ್ಕೊಳ್ಳಲಿ ಬಿಡಪ್ಪ, ಎಷ್ಟು ಜನ ನಡೀತಾರೋ ನೋಡೋಣ," ಎಂದರು. ಆ ಮಾತಿನ ಮೇಲೆ ಅವನು ಅಕ್ಕನಿಗೆ ಒಂದು ಫ್ಲಾಸ್ಕ್ ಟೀ ಕಳಿಸಲು ಒಪ್ಪಿಕೊಂಡ.

ಮಂಗಳವಾರ ಬೆಳಿಗ್ಗೆ ಅದೇ ನಾಲ್ವರು ಅದೇ ಕುರ್ಚಿಯಲ್ಲಿ ಅಕ್ಕನನ್ನು ಐದನೇ ಕಲ್ಲಿಗೆ ತಂದರು. ಮಡಚಿಟ್ಟಿದ್ದ ಸೀರೆಯನ್ನೇ ಉಟ್ಟಿದ್ದಳು. ನಾನು ಅವಳ ಜೊತೆಗೆ ದಾರಿ ಹತ್ತಿದೆ, ಒಂದು ಕೈಯಲ್ಲಿ ಮುಕ್ಕಾಲಿ, ಇನ್ನೊಂದು ಕೈಯಲ್ಲಿ ಫ್ಲಾಸ್ಕ್. ಎರಡೂ ಕಡೆಯ ಜಗಲಿಗಳ ಮೇಲೆ ಜನ. ಅಕ್ಕ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಎಡಗಾಲು ಎತ್ತಿಟ್ಟಳು, ಬಲಗಾಲು ಎತ್ತಿಟ್ಟಳು. ಮೇಷ್ಟ್ರು "ಒಂದು" ಎಂದರು. ಊರೆಲ್ಲ ಒಟ್ಟಿಗೆ "ಎರಡು" ಎಂದಿತು.

ಮೊದಲ ಮುನ್ನೂರು ಬಹಳ ಕಷ್ಟದ್ದು. ಐವತ್ತಕ್ಕೊಮ್ಮೆ ನಿಲ್ಲುವಳು, ಮುಕ್ಕಾಲಿಯ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುವಳು, ಏಳುವಳು. ಬೆವರು ಒರೆಸಲು ಹೋದರೆ ನನ್ನ ಕೈ ತಳ್ಳಿದಳು. ಮುನ್ನೂರ ಎಂಬತ್ತರಲ್ಲಿ ಅವಳ ಮುಖ ನೋಡಿ, ಇನ್ನು ಸಾಕು ಅನ್ನಬೇಕು ಅನ್ನಿಸಿತು. ಆಗಲೇ ಊರಿನವರು ಒಂದು ತಪ್ಪು ಮಾಡಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಅಕ್ಕನಿಗೆ ಹುರುಪು ಬರಲಿ ಎಂದು ಯಾರೋ ತಮಟೆ ತಂದು ಬಾರಿಸತೊಡಗಿದರು.

ಹುರುಪು ಬಂತು. ಅಕ್ಕನ ತಲೆ ಮೇಲೆದ್ದಿತು, ಬೆನ್ನು ನೆಟ್ಟಗಾಯಿತು, ತಮಟೆಯ ಪೆಟ್ಟಿಗೆ ಸರಿಯಾಗಿ ಕಾಲು ಬಿತ್ತು. ಜನ ಕೇಕೆ ಹಾಕಿದರು. ಎಣಿಸುವ ದನಿ ಏರಿತು. ಐನೂರು, ಆರುನೂರು. ನಾನೂ ಖುಷಿಯಲ್ಲಿ ಕೂಗುತ್ತಾ ನಡೆಯುತ್ತಿದ್ದೆ. ಏಳುನೂರರ ಹತ್ತಿರ ಬಂದಾಗ ಸುಮ್ಮನೆ ಕೆಳಗೆ ನೋಡಿದೆ, ಚಪ್ಪಡಿಯ ಗುರುತು ಸಿಕ್ಕಿತು. ಅಕ್ಕ ಬಹಳ ಮುಂದೆ ಬಂದುಬಿಟ್ಟಿದ್ದಳು. ತಮಟೆಗೆ ಅವಳ ಹೆಜ್ಜೆ ಉದ್ದವಾಗಿತ್ತು. ಹೀಗೇ ಹೋದರೆ ಸಾವಿರ ತುಂಬುವುದು ಮನೆ ದಾಟಿ ಎಷ್ಟೋ ದೂರದಲ್ಲಿ, ಯಾರದೋ ಹುಲ್ಲಿನ ಬಣವೆಯ ಮುಂದೆ.

ತಮಟೆ ನಿಲ್ಲಿಸಿ ಎಂದು ಕೈ ಬೀಸಿದೆ. ನಿಲ್ಲಿಸಿದರು. ಆದರೆ ಹೆಜ್ಜೆಗೆ ಹಿಡಿದ ಓಟ ನಿಲ್ಲಲಿಲ್ಲ. ಎಂಟುನೂರ ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಎಂಟುನೂರ ಅರವತ್ತಕ್ಕೆ ಅಕ್ಕ ಖೈರಕ್ಕನ ಮೆಟ್ಟಿಲ ಮುಂದೆ ಇದ್ದಳು. ಇನ್ನೂ ನೂರ ನಲವತ್ತು ಬಾಕಿ. ಮೇಷ್ಟ್ರು ಜಗಲಿಯ ಕಂಬ ಹಿಡಿದು ನನ್ನ ಮುಖ ನೋಡಿದರು. ಚಿಕ್ಕ ಹೆಜ್ಜೆ ಇಡು ಎಂದು ಹೇಳುವ ಹಾಗಿಲ್ಲ; ಬೇಕೆಂದು ಇಟ್ಟ ಚಿಕ್ಕ ಹೆಜ್ಜೆಯನ್ನು ದಾರಿ ಒಪ್ಪುವುದಿಲ್ಲ ಎಂದು ನನ್ನ ಮೇಲೆಯೇ ತೋರಿಸಿಕೊಟ್ಟಿತ್ತು. ಹಿಂದಕ್ಕೆ ಹೋಗುವ ಹಾಗಿಲ್ಲ. ನನಗೆ ಅಳು ಬಂತು. ಅರವತ್ತರ ಮೇಲಿನ ಗಂಡಸು ನಡುಬೀದಿಯಲ್ಲಿ ಮುಕ್ಕಾಲಿ ಹಿಡಿದು ಅತ್ತೆ.

ಖೈರಕ್ಕ ಜಗಲಿಯ ಮೇಲೆ ಕೂತಿದ್ದಳು. ತಮಟೆಯೂ ಕೇಳಿಲ್ಲ, ಎಣಿಕೆಯೂ ಕೇಳಿಲ್ಲ. ಏನೋ ಮೆರವಣಿಗೆ ಎಂದುಕೊಂಡಿದ್ದಳು. ಮಾತು ಕೊಟ್ಟು ಆಗದಿದ್ದರೆ ಅವಳಿಗೆ ಇನ್ನಷ್ಟು ಬೇಜಾರಾಗುತ್ತದೆ ಎಂದು ನಾವು ಏನೂ ತಿಳಿಸಿರಲಿಲ್ಲ. ಈಗ ಕಣ್ಣು ಕಿರಿದು ಮಾಡಿ ನೋಡಿದವಳು ಕೋಲೂರಿ ಎದ್ದಳು. ಒಂದೊಂದೇ ಮೆಟ್ಟಿಲು ಇಳಿದು ದಾರಿಯ ಅಂಚಿಗೆ ಬಂದು, ಕೈ ಚಾಚಿ ಅಕ್ಕನ ಕೈ ಹಿಡಿದುಕೊಂಡಳು.

"ಏನೇ ದೇವೀ, ನಡ್ಕೊಂಡು ಬಂದ್ಯಾ?" ಎಂದಳು. ಕಿವಿ ಕೇಳದವರ ದೊಡ್ಡ ದನಿ. "ಕಾಲು ಹೇಗಿದೆ?"

ಅಕ್ಕ ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಖೈರಕ್ಕ ನಕ್ಕಳು. "ಸೊಸೆ ಬಸುರಿ ಕಣೇ, ಗೊತ್ತಾ ನಿಂಗೆ? ಮೂರು ತಿಂಗಳು. ನಿಂಗೆ ಮೊದ್ಲು ಹೇಳ್ಬೇಕು ಅಂತ ಎಷ್ಟ್ ಸಲ ಸನ್ನೆ ಮಾಡಿದೆ, ನೀನು ಹೊಟ್ಟೆ ನೋವಾ ಅಂತ ಕಷಾಯ ಕಳಿಸ್ದೆ."

ಅಕ್ಕ ಹಣೆ ಚಚ್ಚಿಕೊಂಡು ನಕ್ಕಳು. ನಗುವಾಗ ಭಾರ ಎಡಗಾಲಿಗೆ ಬಿಟ್ಟು ಬಲಗಾಲು ಎತ್ತಿ ಇಟ್ಟಳು. ಒಂದು ಬೆರಳಷ್ಟು ಮುಂದಕ್ಕೆ.

ಹೆಂಗಸರು ಬಾಗಿಲಲ್ಲಿ ನಿಂತು ಮಾತಾಡುವುದನ್ನು ನೀವು ನೋಡಿದ್ದೀರಿ. ಹೊರಟೆ ಕಣೇ ಎಂದು ಎದ್ದಿರುತ್ತಾರೆ. ಹೊಸ್ತಿಲಲ್ಲಿ ಒಂದು ಮಾತು ನೆನಪಾಗುತ್ತದೆ, ಮೆಟ್ಟಿಲಲ್ಲಿ ಇನ್ನೊಂದು. ನಿಂತಲ್ಲೇ ಈ ಕಾಲು ಬಿಟ್ಟು ಆ ಕಾಲು, ಆ ಕಾಲು ಬಿಟ್ಟು ಈ ಕಾಲು. ಅರ್ಧ ಗಂಟೆಯಾದರೂ ಅಲ್ಲೇ ಇರುತ್ತಾರೆ, ಕಾಲು ಮಾತ್ರ ನಡೆಯುತ್ತಲೇ ಇರುತ್ತದೆ. ಅದನ್ನು ಯಾರೂ ಬೇಕೆಂದು ಮಾಡುವುದಿಲ್ಲ.

ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು ಊರಿಗೆಲ್ಲ ಸುಮ್ಮನಿರುವಂತೆ ಸನ್ನೆ ಮಾಡಿದರು. ನನ್ನ ಕಡೆ ನೋಡಿ ಬಾಯಿ ಅಲುಗಿಸಿದರು: ಎಂಟುನೂರ ಅರವತ್ತೊಂದು.

ಆಮೇಲೆ ಆದದ್ದನ್ನು ನಮ್ಮ ಊರು ಇವತ್ತಿಗೂ ಹೇಳಿಕೊಂಡು ನಗುತ್ತದೆ. ಮುನ್ನೂರು ಜನ, ಒಂದು ಕೆಮ್ಮಿಲ್ಲ. ಅಳುವ ಮಗುವನ್ನು ಅದರ ತಾಯಿ ಒಳಗೆ ಒಯ್ದಳು. ಖೈರಕ್ಕ ಒಬ್ಬಳದೇ ದನಿ. ನಾಲ್ಕು ವರ್ಷದ ಮಾತು. ಬಚ್ಚಲಲ್ಲಿ ಬಿದ್ದದ್ದು, ಸತ್ತ ತಮ್ಮ, ಕೆಟ್ಟ ಉಪ್ಪಿನಕಾಯಿ, ಮಗನ ಹೊಸ ಅಂಗಡಿ. ಸತ್ತ ತಮ್ಮನ ವಿಷಯ ಬಂದಾಗ ಅಕ್ಕ ಅವಳ ಎರಡೂ ಕೈ ಹಿಡಿದು ಬಹಳ ಹೊತ್ತು ಅಲುಗದೆ ನಿಂತಳು, ಎಣಿಕೆಯೂ ನಿಂತಿತು. ನಮಗೆ ಯಾರಿಗೂ ಅವಸರ ಅನ್ನಿಸಲಿಲ್ಲ. ಆಮೇಲೆ ಅಕ್ಕ ಅವಳ ಕಿವಿಯಲ್ಲಿ ತನ್ನದನ್ನು ಹೇಳಿದಳು. ಎಡಗಾಲು, ಬಲಗಾಲು. ಒಂಬೈನೂರು. ಹೊತ್ತು ನೆತ್ತಿಗೆ ಬಂತು. ಯಾರೋ ದಾಟುಗೋಲಿನಲ್ಲಿ ಒಂದು ಕೊಡೆ ಸಿಕ್ಕಿಸಿ ಅವರ ತಲೆಯ ಮೇಲೆ ಹಿಡಿದರು. ಇಬ್ಬರೂ ತಲೆ ಎತ್ತಿ ನೋಡಲಿಲ್ಲ.

ಒಂಬೈನೂರ ತೊಂಬತ್ತೊಂಬತ್ತರಲ್ಲಿ ಕುರ್ಚಿ ಹೊತ್ತಿದ್ದ ನಾಲ್ವರು ತುದಿಗಾಲಲ್ಲಿ ಬಂದು ಮಲಗಿದ್ದ ಕಂಬಕ್ಕೆ ಕೈ ಹಾಕಿದರು. ಖೈರಕ್ಕ ಮೊಮ್ಮಗುವಿಗೆ ಏನು ಹೆಸರಿಡುವುದು ಎಂದು ಕೇಳುತ್ತಿದ್ದಳು. ಅಕ್ಕ ಯೋಚಿಸಿದಳು, ಯೋಚಿಸುತ್ತಾ ಬಲಗಾಲು ಎತ್ತಿದಳು, ಇಟ್ಟಳು. ಮೇಷ್ಟ್ರು ಕೈ ಇಳಿಸಿದರು. ಕಂಬ ಎದ್ದು, ಅವಳ ನೇರಕ್ಕೆ ಆಗಲೇ ತೋಡಿಟ್ಟಿದ್ದ ಗುಂಡಿಯಲ್ಲಿ ಕೂತಿತು, ನಾಲ್ವರು ಮಣ್ಣು ತುಂಬಿ ತುಳಿದರು. ಎಂಟುನೂರ ಅರವತ್ತನೇ ಹೆಜ್ಜೆಯಿಂದ ಸಾವಿರಕ್ಕೆ ಅವಳು ಸರಿದದ್ದು ಒಂದೂವರೆ ಗಜ. ಖೈರಕ್ಕ ಅಂಚಿನಗುಂಟ ಅವಳ ಜೊತೆಗೇ ಸರಿದಿದ್ದಳು. ಮೆಟ್ಟಿಲು ಇನ್ನೂ ಕೈಗೆ ಸಿಗುವಷ್ಟು ಹತ್ತಿರ.

"ಅಕ್ಕ, ಇಳಿ," ಎಂದೆ.

"ಇರೋ, ಮಾತಾಡ್ತಿದೀನಿ," ಎಂದಳು ಅಕ್ಕ, ನನ್ನ ಕಡೆ ತಿರುಗದೆ. ಆಮೇಲೆ ಸುತ್ತ ಇಷ್ಟು ಜನ ಉಸಿರು ಹಿಡಿದು ನಿಂತಿರುವುದು ಕಂಡು, ಕಂಬ ಕಂಡು, ಅವಳಿಗೆ ಎಲ್ಲ ನೆನಪಾಯಿತು. ಖೈರಕ್ಕನ ಕೈ ಬಿಗಿಯಾಗಿ ಹಿಡಿದಳು. ಕಾಲೆತ್ತಿ ಪಕ್ಕಕ್ಕೆ, ದಾರಿಯ ಆಚೆಗೆ ಇಟ್ಟಳು.

ಕಾಲು ಮಣ್ಣಿನ ಮೇಲೆ ನಿಂತಿತು. ಇನ್ನೊಂದು ಕಾಲೂ ಬಂತು.

ಆಗ ಎದ್ದ ಕೂಗು ಖೈರಕ್ಕನಿಗೂ ಕೇಳಿತಂತೆ. ಮೇಷ್ಟ್ರು ಟೀ ಅಂಗಡಿಯವನನ್ನು ತಬ್ಬಿಕೊಂಡರು. ತಮಟೆಯವನು ಇಷ್ಟು ಹೊತ್ತು ತಡೆದದ್ದನ್ನೆಲ್ಲ ಒಟ್ಟಿಗೆ ಬಾರಿಸಿದ. ನಾನು ದಾರಿಯ ಮೇಲೆ ಮುಕ್ಕಾಲಿ ಹಾಕಿಕೊಂಡು ಕೂತೆ, ಅವಳಿಗೆಂದು ತಂದ ಟೀಯನ್ನು ನಾನೇ ಕುಡಿದೆ. ಇಂಥ ಸುಖ ನನಗೆ ಬದುಕಿನಲ್ಲಿ ಇನ್ನೊಮ್ಮೆ ಸಿಕ್ಕಿಲ್ಲ.

ಅವರಿಬ್ಬರು ಮಾತ್ರ ನಮ್ಮ ಯಾರನ್ನೂ ಗಮನಿಸದೆ ಮೆಟ್ಟಿಲು ಹತ್ತಿ ಜಗಲಿಗೆ ಹೋದರು. ಖೈರಕ್ಕ ಬುಟ್ಟಿ ಎತ್ತಿದಳು. ಕಾಯಿಗಳು ಇದ್ದಲ್ಲೇ ಇದ್ದವು. ಅಕ್ಕನ ಒಂದು ಕಾಯಿ ಹಣ್ಣಾಗಲು ಎರಡೇ ಮನೆ ಬಾಕಿ. ಅಕ್ಕ ಸೆರಗು ಸರಿಮಾಡಿ ಕೂತು ಕವಡೆಗೆ ಕೈ ಚಾಚಿದಳು. ಖೈರಕ್ಕ ಆ ಕೈ ತಡೆದಳು.

"ನಂದು ಸರದಿ," ಎಂದಳು.

"ಏನೇ ನಿಂದು? ನೀನು ಆಡಿದ್ಮೇಲೆ ತಾನೆ ಕುರ್ಚಿ ಹೊತ್ತೋರು ಬಾಯಿ ಹಾಕಿದ್ದು," ಎಂದಳು ಅಕ್ಕ, ಅವಳ ಕಿವಿಗೆ ಬಾಯಿಟ್ಟು, ಊರಿಗೇ ಕೇಳುವಷ್ಟು ಜೋರಾಗಿ.

"ನೀನು ಕವಡೆ ಹಾಕಿ ಎದ್ದೆ. ಹಾಕಿದ್ ಮೇಲೆ ನಿನ್ ಸರದಿ ಆಯ್ತು."

"ಅದು ಬಿಸಾಕಿದ್ದು, ಆಟಕ್ಕೆ ಹಾಕಿದ್ದಲ್ಲ."

"ಕವಡೆಗೇನು ಗೊತ್ತು?"

ಅಕ್ಕ ಎದ್ದಳು. ಮೆಟ್ಟಿಲು ಇಳಿದಳು, ಕಂಬ ಹಿಡಿದು ದಾರಿ ಹತ್ತಿದಳು, ಹನ್ನೆರಡು ಹೆಜ್ಜೆಯಲ್ಲಿ ದಾಟಿ ನಮ್ಮ ಜಗಲಿಗೆ ಬಂದು ಕೂತಳು. ಮುಖ ಕೆಂಪಗಿತ್ತು. ಊರೆಲ್ಲ ಬಾಯಿ ಬಿಟ್ಟು ನೋಡಿತು. ಎದುರು ಮನೆಯಲ್ಲಿ ಹುಟ್ಟಿದ ಕೋಪ ಆರದೆ ಬಿಸಿಬಿಸಿಯಾಗಿ ಮನೆ ಮುಟ್ಟಿದ್ದು ನಮ್ಮ ಊರಿನಲ್ಲಿ ಅದೇ ಮೊದಲು. ಟೀ ಅಂಗಡಿಯವನು, ನಾನು ಮೊದಲೇ ಹೇಳಿದ್ದೆ ಎನ್ನುವ ಹಾಗೆ ತಲೆ ಆಡಿಸಿದ. ನಾನು ಆರನೇ ಕಲ್ಲಿನವರೆಗೆ ಹೋಗುವುದು ಬೇಕಿಲ್ಲ ಎಂದು ಆಗ ನೆನಪಾಗಿ, ಹೊಸ ಕಂಬದ ಬುಡದಲ್ಲಿ ಇಳಿದು ಅವಳ ಹತ್ತಿರ ಬಂದೆ.

"ಏನಾಯ್ತಕ್ಕ?"

"ಇನ್ನು ಈ ಜನ್ಮದಲ್ಲಿ ಅವಳ ಮನೆ ಮೆಟ್ಟಿಲು ಹತ್ತಲ್ಲ," ಎಂದಳು. "ನೀರು ಕೊಡು."

ನಾನು ಒಳಗೆ ಹೋಗಿ ಹಂಡೆಯಿಂದ ಒಂದು ಚೊಂಬು ನೀರು ತುಂಬಿಕೊಂಡು ಬಂದೆ. ಜಗಲಿಯ ಮೇಲೆ ಯಾರೂ ಇರಲಿಲ್ಲ. ಎದುರಿಗೆ ಕವಡೆ ಬೀಳುವ ಸದ್ದು ಕೇಳಿಸುತ್ತಿತ್ತು.